ಪುಶ್ ಮಾಡಿದ ಫಿಲ್ಮ್ ಕೆಟ್ಟರೆ ಮೊದಲು ಅಂಚು ನೋಡಿ

ಫೆಬ್ರವರಿಯ ಒಂದು ಬೆಳಗ್ಗೆ ಅಕ್ಕನ ಮಗ ನೆಗೆಟಿವ್ ಹಿಡಿದುಕೊಂಡು ಬಂದ. ಹಿಂದಿನ ವಾರ ಬದಿಯಡ್ಕದ ಹತ್ತಿರ ಒಂದು ಕೋಲಕ್ಕೆ ಹೋಗಿದ್ದ. 400 ಐಎಸ್‌ಒ ಕಪ್ಪು-ಬಿಳುಪು ಫಿಲ್ಮನ್ನು 1600ಕ್ಕೆ ಇಟ್ಟು ತೆಗೆದು, ಮನೆಯಲ್ಲೇ ಡೆವಲಪ್ ಮಾಡಿದ್ದ. ಹೀಗೆ ಫಿಲ್ಮಿಗೆ ಬೇಕಾದಷ್ಟು ಬೆಳಕು ಕೊಡದೆ ತೆಗೆದು, ಡೆವಲಪರಿನಲ್ಲಿ ಜಾಸ್ತಿ ಹೊತ್ತು ಇಡುವುದಕ್ಕೇ ಪುಶ್ ಅನ್ನುವುದು. ದೈವದ ಮುಖ ಇದ್ದಲ್ಲೆಲ್ಲ ನೆಗೆಟಿವ್ ಇದ್ದಿಲಿನಷ್ಟು ಕಪ್ಪು.

"ಮಾವ, ಡೆವಲಪರ್ ಹಾಳಾಗಿದೆ ಕಾಣ್ತದೆ. ಹೊಸತು ತರಿಸುವುದಾ?"

"ಸ್ವಲ್ಪ ತಡೆ. ಹಾಳಾದ ಡೆವಲಪರ್ ಇಷ್ಟು ಕಪ್ಪು ಮಾಡುವುದಿಲ್ಲ. ನೀನು ಇದನ್ನು ಎಲ್ಲಿ ಕೂತು ಮಾಡಿದ್ದು?"

"ಬಚ್ಚಲಲ್ಲಿ."

ಉತ್ತರ ಅಲ್ಲೇ ಇತ್ತು. ಅದಕ್ಕೆ ಮುಂದೆ ಬರುತ್ತೇನೆ. ಪುಶ್ ಮಾಡಿದ ರೋಲ್ ಕೆಟ್ಟರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ದುಡ್ಡಿಗೆ: ಹೊಸ ಕೆಮಿಕಲ್, ಹೊಸ ಫಿಲ್ಮ್. ನಿಜವಾಗಿ ಮೊದಲು ಮಾಡಬೇಕಾದ ಕೆಲಸಕ್ಕೆ ಒಂದು ಪೈಸೆಯೂ ಬೇಡ. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಚಿತ್ರ ಆಮೇಲೆ. ಮೊದಲು ಅಂಚು ನೋಡಿ.

ಫಿಲ್ಮಿನ ಅಂಚಿನಲ್ಲಿ ಕಂಪನಿಯ ಹೆಸರು, ಫ್ರೇಮಿನ ನಂಬರ್ ಇರುತ್ತವೆ. ಅವನ್ನು ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಮೂಡಿಸಿರುತ್ತಾರೆ. ನಿಮ್ಮ ಕ್ಯಾಮೆರಾಗೂ ಅವಕ್ಕೂ ಸಂಬಂಧವೇ ಇಲ್ಲ. ಡೆವಲಪರ್ ಕೆಲಸ ಮಾಡಿದರೆ ಅವು ಕಾಣುತ್ತವೆ, ಮಾಡದಿದ್ದರೆ ಇಲ್ಲ. ಹಾಗಾಗಿ ಅಕ್ಷರ ಗಟ್ಟಿಯಾಗಿದ್ದು ಚಿತ್ರ ತೆಳುವಾಗಿದ್ದರೆ, ಅಂದರೆ ಕಪ್ಪು ಸಾಲದಿದ್ದರೆ, ತಪ್ಪು ಕ್ಯಾಮೆರಾ ಕಡೆಯದು. ಅಕ್ಷರವೂ ಚಿತ್ರವೂ ತೆಳುವಾಗಿದ್ದರೆ ತಪ್ಪು ಡೆವಲಪ್ ಮಾಡುವ ಟ್ಯಾಂಕಿನೊಳಗೆ ಆದದ್ದು. ಎರಡೂ ವಿಪರೀತ ಕಪ್ಪಾಗಿದ್ದರೆ ಡೆವಲಪ್ ಜಾಸ್ತಿಯಾಗಿದೆ. ಪುಶ್ ಮಾಡಿದ ರೋಲಿನಲ್ಲಿ ಅಕ್ಷರ ಮಾಮೂಲಿಗಿಂತ ಒಂದಿಷ್ಟು ದಪ್ಪ ಕಾಣುವುದು ಸಹಜ. ಮಾಮೂಲಿ ಹೇಗಿರುತ್ತದೆ ಎಂದು ಗೊತ್ತಿರಲಿಕ್ಕೆ 400ರಲ್ಲೇ ತೆಗೆದು ಸರಿಯಾಗಿ ಬಂದ ಒಂದು ಪಟ್ಟಿ ನೆಗೆಟಿವನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ.

ಇಡೀ ರೋಲ್ ಖಾಲಿ ಬಂದಿದೆ

ಅಕ್ಷರಗಳಿವೆ, ಚಿತ್ರ ಒಂದೂ ಇಲ್ಲ ಅಂದರೆ ಫಿಲ್ಮ್ ಕ್ಯಾಮೆರಾದೊಳಗೆ ಓಡಲೇ ಇಲ್ಲ. ತುದಿ ಸ್ಪೂಲಿಗೆ ಸಿಕ್ಕಿಲ್ಲ. ಮುಂದಿನ ಸಲ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತದಾ ನೋಡಿ. ತಿರುಗದಿದ್ದರೆ ಫಿಲ್ಮ್ ಕೂತಲ್ಲೇ ಇದೆ. ಗುಂಡಿ ತಿರುಗಿಯೂ ಚಿತ್ರ ಬಾರದಿದ್ದರೆ ಶಟರ್ ತೆರೆಯುತ್ತಿಲ್ಲ. ಅದು ರಿಪೇರಿಯವರ ಕೆಲಸ.

ಅಕ್ಷರವೇ ಇಲ್ಲ, ಫಿಲ್ಮ್ ಗಾಜಿನ ಹಾಗೆ ಸ್ವಚ್ಛ ಅಂದರೆ ಡೆವಲಪರ್ ಸತ್ತಿದೆ, ಅಥವಾ ಡೆವಲಪರ್ ಆದ ಮೇಲೆ ಚಿತ್ರ ಉಳಿಸಲಿಕ್ಕೆ ಹಾಕುವ ಫಿಕ್ಸರನ್ನು ನೀವು ಮೊದಲೇ ಸುರಿದಿದ್ದೀರಿ. ಆ ರೋಲ್ ವಾಪಸ್ ಬರುವುದಿಲ್ಲ. ಮುಂದಿನದನ್ನು ಉಳಿಸಲಿಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಟ್ಯಾಂಕಿನೊಳಗಿನ ರೀಲಿಗೆ ಸುತ್ತುವ ಮೊದಲು ಫಿಲ್ಮಿನ ನಾಲಿಗೆ, ಅಂದರೆ ಮುಂದೆ ಚಾಚಿದ ತುದಿ, ಕತ್ತರಿಸುತ್ತೀರಲ್ಲ, ಆ ತುಂಡನ್ನು ಬಿಸಾಡಬೇಡಿ. ಮನೆಯ ಬೆಳಕಿನಲ್ಲೇ ಅದನ್ನು ಡೆವಲಪರಿಗೆ ಅದ್ದಿ. ಎರಡು ಮೂರು ನಿಮಿಷದಲ್ಲಿ ಕಪ್ಪಾಗಬೇಕು. ಬೂದು ಬಣ್ಣಕ್ಕೇ ನಿಂತರೆ ಆ ಬಾಟಲಿಯನ್ನು ನಂಬಬೇಡಿ. ಡಿ-76 ಎಂಬ ಡೆವಲಪರ್ ಹಳತಾದಾಗ ಚಹಾದ ಬಣ್ಣಕ್ಕೆ ತಿರುಗಿ ಸೂಚನೆ ಕೊಡುತ್ತದೆ. ಎಕ್ಸ್‌ಟಾಲ್ ಹಾಗಲ್ಲ, ನೀರಿನಷ್ಟೇ ತಿಳಿಯಾಗಿದ್ದುಕೊಂಡು ಸತ್ತಿರಬಹುದು. ಅದನ್ನು ಬಳಸುವವರು ಈ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಿ. ಇದು ಬದುಕಿದೆಯೋ ಸತ್ತಿದೆಯೋ ಎಂದಷ್ಟೇ ಹೇಳುತ್ತದೆ, ಶಕ್ತಿ ಅರ್ಧ ಇಳಿದಿದ್ದರೆ ಹೇಳುವುದಿಲ್ಲ. ಪುಶ್ ಮಾಡುವಾಗ ಹೊಸದಾಗಿ ಬೆರೆಸಿದ್ದನ್ನೇ ಬಳಸುವುದು ಲೇಸು.

ಮುಖ ಬಂದಿದೆ, ನೆರಳು ಬರಲಿಲ್ಲ

ಹೆಚ್ಚು ಮಂದಿ ಬೇಜಾರಾಗುವುದು ಇಲ್ಲಿ. ಚಂಡೆಯವರ ಮುಖ ಸರಿ ಇದೆ, ಹಿಂದೆ ಕೂತವರು ಇಲ್ಲವೇ ಇಲ್ಲ. ನೆಗೆಟಿವಿನಲ್ಲಿ ಆ ಜಾಗ ಬರೇ ಪ್ಲಾಸ್ಟಿಕ್. ಅಂಚಿನ ಅಕ್ಷರ ಮಾತ್ರ ದಪ್ಪಗಿದೆ.

ಪುಶ್ ಅಂದರೆ ಏನು ಅನ್ನುವುದು ಸರಿಯಾಗಿ ತಿಳಿದರೆ ಈ ದೂರು ಅರ್ಧ ಮುಗಿಯುತ್ತದೆ. 400ರ ಫಿಲ್ಮನ್ನು 1600ಕ್ಕೆ ಇಟ್ಟಾಗ ಅದು ಚುರುಕಾಗುವುದಿಲ್ಲ. ಅದಕ್ಕೆ ಬೇಕಾದ ಬೆಳಕಿನ ಕಾಲು ಭಾಗ ಮಾತ್ರ ಕೊಟ್ಟಿದ್ದೀರಿ. ಡೆವಲಪರಿನಲ್ಲಿ ಜಾಸ್ತಿ ಹೊತ್ತು ಇಟ್ಟರೆ, ಬೆಳಕು ಸ್ವಲ್ಪವಾದರೂ ಬಿದ್ದ ಜಾಗ ಮೇಲೆ ಬರುತ್ತದೆ. ಮುಖ, ಬಿಳಿ ಪಂಚೆ, ದೀಪದ ಸುತ್ತ, ಇವೆಲ್ಲ ಬರುತ್ತವೆ. ಬೆಳಕೇ ಬೀಳದ ನೆರಳನ್ನು ಯಾವ ಡೆವಲಪರೂ ತಂದುಕೊಡುವುದಿಲ್ಲ. ಬೀಜ ಹಾಕದ ಗದ್ದೆಗೆ ನೀರು ಬಿಟ್ಟ ಹಾಗೆ. ಆದ್ದರಿಂದ ನೆರಳು ಇಲ್ಲ ಎಂದು ಸಮಯ ಇನ್ನೂ ಹೆಚ್ಚಿಸಬೇಡಿ. ನೆರಳು ಅಲ್ಲೇ ಇರುತ್ತದೆ, ಮುಖ ಮಾತ್ರ ಉರಿದುಹೋಗುತ್ತದೆ.

ಒಂದಿಷ್ಟು ನೆರಳು ಕಳೆದುಕೊಳ್ಳುವುದು ಪುಶ್‌ನ ಬೆಲೆ. ಅದನ್ನು ಕೊಡಲೇಬೇಕು. ಆದರೆ ಎಲ್ಲ ನೆರಳೂ ಹೋಗಿ ಮುಖವೂ ತೆಳುವಾಗಿದ್ದರೆ ಬೆಳಕು ಅಳೆಯುವ ಮೀಟರ್ ಮೋಸಹೋಗಿದೆ ಅಂತ ಅರ್ಥ. ಕೋಲದಲ್ಲಿ ಇದು ಸುಲಭವಾಗಿ ಆಗುತ್ತದೆ. ಸೂಟೆಯ ಉರಿಯೋ ಟ್ಯೂಬ್‌ಲೈಟೋ ಫ್ರೇಮಿನೊಳಗೆ ಬಂದರೆ ಮೀಟರ್ ಅದನ್ನು ನೋಡಿ 'ಬೆಳಕು ಬೇಕಾದಷ್ಟಿದೆ' ಅನ್ನುತ್ತದೆ. ನೀವು ಶಟರ್ ಜೋರು ಮಾಡುತ್ತೀರಿ. ಮುಖ ಕತ್ತಲಾಗುತ್ತದೆ.

ಖರ್ಚಿಲ್ಲದ ಉಪಾಯ ಹೇಳುತ್ತೇನೆ. ದೈವದ ಮುಖಕ್ಕೆ ಬೀಳುವ ಬೆಳಕೇ ಬೀಳುವ ಕಡೆ ನಿಂತು ನಿಮ್ಮ ಅಂಗೈಗೆ ಮೀಟರ್ ಹಿಡಿಯಿರಿ. ಸಿಕ್ಕಿದ ಲೆಕ್ಕಕ್ಕಿಂತ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡಿ, ಯಾಕೆಂದರೆ ಅಂಗೈ ಮೀಟರ್ ಎಣಿಸುವ ಬೂದು ಬಣ್ಣಕ್ಕಿಂತ ಬೆಳ್ಳಗೆ. ಆಮೇಲೆ ಆ ಲೆಕ್ಕವನ್ನು ಬದಲಿಸಬೇಡಿ, ಫ್ರೇಮಿನೊಳಗೆ ಏನೇ ಬರಲಿ.

ಇನ್ನೊಂದು ಮಾತು. ಇವತ್ತಿನ ಯಕ್ಷಗಾನ ರಂಗಸ್ಥಳದ ಲೈಟಿಗೆ ಹೆಚ್ಚಿನ ಸಲ 1600 ಬೇಡವೇ ಬೇಡ, 800 ಸಾಕು. ರಾತ್ರಿ ಅಂದ ತಕ್ಷಣ ಎರಡು ಸ್ಟಾಪ್ ಪುಶ್ ಮಾಡುವ ಅಭ್ಯಾಸ ಬಿಟ್ಟರೆ ನೆರಳು ತನ್ನಿಂದ ತಾನೇ ಉಳಿಯುತ್ತದೆ. ಡೆವಲಪರ್ ಬದಲಿಸುವುದು ಕೊನೆಯ ಹೆಜ್ಜೆ. ಮೈಕ್ರೋಫೆನ್, ಡಿಡಿ-ಎಕ್ಸ್ ಇವು ಪುಶ್‌ಗೆ ಒಗ್ಗುತ್ತವೆ. ಡಿ-76, ಐಡಿ-11 ಸಹ 1600ರವರೆಗೆ ಚೆನ್ನಾಗಿಯೇ ಕೊಡುತ್ತವೆ. ರೋಡಿನಾಲ್ ಒಳ್ಳೆಯದೇ, ಆದರೆ ಈ ಕೆಲಸಕ್ಕಲ್ಲ.

ಮುಖ ಇದ್ದಿಲಿನಷ್ಟು ಕಪ್ಪು, ಸ್ಕ್ಯಾನ್ ಮಾಡಿದರೆ ಸುಣ್ಣ ಬಳಿದಂತೆ

ಇದೇ ಅಳಿಯನ ರೋಲ್. ಅಂಚಿನ ಅಕ್ಷರ ಉಬ್ಬಿ, ಒಂದಕ್ಕೊಂದು ಅಂಟುವಷ್ಟು ದಪ್ಪವಾಗಿತ್ತು. ಅಂದರೆ ಡೆವಲಪ್ ಜಾಸ್ತಿ. ಹುಡುಗ ಸಮಯ ತಪ್ಪಿಸಿರಲಿಲ್ಲ. ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11ನ್ನು ನೀರು ಬೆರೆಸದೆ ಬಳಸಿದರೆ, 20 ಡಿಗ್ರಿಯಲ್ಲಿ, 400ಕ್ಕೆ ಏಳೂವರೆ ನಿಮಿಷ, 800ಕ್ಕೆ ಹತ್ತೂವರೆ, 1600ಕ್ಕೆ 14 ನಿಮಿಷ ಎಂದು ಕಂಪನಿಯೇ ಹೇಳಿದೆ. ಅವನು 14 ನಿಮಿಷವೇ ಮಾಡಿದ್ದ. ಡೆವಲಪರನ್ನು ಫ್ರಿಜ್ಜಿನಲ್ಲಿಟ್ಟು 20ಕ್ಕೆ ಇಳಿಸಿಯೂ ಇದ್ದ.

ಆದರೆ ಕೂತದ್ದು ಬಚ್ಚಲಲ್ಲಿ. ನಮ್ಮ ಹಳೆ ಮನೆಗಳ ಬಚ್ಚಲು ಗೊತ್ತಲ್ವಾ, ಸಂಜೆ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ಹಾಕಿ ಉರಿ ಮಾಡಿದರೆ ಗೋಡೆ ರಾತ್ರಿ ಹತ್ತಕ್ಕೂ ಬೆಚ್ಚಗಿರುತ್ತದೆ. ಹುಡುಗ ಟ್ಯಾಂಕನ್ನು ಇಟ್ಟದ್ದು ಹಂಡೆಯ ಕಟ್ಟೆ ಮೇಲೆ. ಮರುದಿನ ಅದೇ ಹೊತ್ತಿಗೆ ನಾವಿಬ್ಬರೂ ಅಲ್ಲೇ ಕೂತು ಬರೇ ನೀರು ತುಂಬಿ ಅಳೆದೆವು. ಸುರಿಯುವಾಗ 20, ಹದಿನಾಲ್ಕು ನಿಮಿಷ ಕಳೆದಾಗ 27. ಬಿಸಿ ಏರಿದಷ್ಟೂ ಡೆವಲಪರ್ ಜೋರಾಗುತ್ತದೆ. 20ರಲ್ಲಿ 14 ನಿಮಿಷದ ಕೆಲಸ 24ರಲ್ಲಿ ಸುಮಾರು ಹತ್ತು ನಿಮಿಷಕ್ಕೆ ಮುಗಿಯುತ್ತದೆ, 28ರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೇ ಮುಗಿಯುತ್ತದೆ. ಏಳು ನಿಮಿಷದ ಫಿಲ್ಮಿನಲ್ಲಿ ಬಿಸಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಸುಧಾರಿಸಬಹುದು. ಪುಶ್‌ನ ಉದ್ದ ಸಮಯದಲ್ಲಿ ಬಿಸಿ ಏರಲಿಕ್ಕೆ ಅಷ್ಟೇ ಉದ್ದದ ಅವಕಾಶ ಇರುತ್ತದೆ.

ಹಾಗಾಗಿ ಕಾಸರಗೋಡಿನಲ್ಲಿ ಡೆವಲಪ್ ಮಾಡುವವರಿಗೆ ಮೊದಲ ಗುಮಾನಿ ಯಾವಾಗಲೂ ಉಷ್ಣತೆಯ ಮೇಲೆ ಇರಲಿ. ಡೆವಲಪರ್ ಸುರಿಯುವಾಗ ಒಮ್ಮೆ, ಹೊರಗೆ ತೆಗೆಯುವಾಗ ಒಮ್ಮೆ ಅಳೆದು ಬರೆದಿಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅದು ಶುರುವಾಗುವುದೇ 30ರ ಮೇಲೆ. ನಿಮ್ಮ ಥರ್ಮಾಮೀಟರ್ ಸರಿ ಇದೆಯಾ ಎಂದು ಅನುಮಾನವಿದ್ದರೆ ಒಂದು ಲೋಟ ಪುಡಿ ಐಸಿಗೆ ಸ್ವಲ್ಪ ನೀರು ಹಾಕಿ ಕಲಕಿ ಅದ್ದಿ. ಸೊನ್ನೆ ತೋರಿಸಬೇಕು.

ಬಕೆಟಿಗೆ ನೀರು ಹಾಕಿ, ಐಸನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅದರಲ್ಲಿಟ್ಟು, ಆ ನೀರಿನಲ್ಲಿ ಟ್ಯಾಂಕ್ ನಿಲ್ಲಿಸಿ. ಐಸನ್ನು ಡೆವಲಪರಿಗೇ ಹಾಕಬೇಡಿ, ನೀರಾಗಿ ತೆಳುವಾಗುತ್ತದೆ. ನಮ್ಮಲ್ಲಿ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಕೈಗೆ ತಣ್ಣಗೆ ಅನಿಸುತ್ತದೆ, ಅಳೆದರೆ 20ರ ಹತ್ತಿರಕ್ಕೂ ಬರುವುದಿಲ್ಲ. ಕೈಯನ್ನು ನಂಬಬೇಡಿ.

ನಾನೀಗ 20ಕ್ಕೆ ಹಟ ಹಿಡಿಯುವುದನ್ನು ಬಿಟ್ಟಿದ್ದೇನೆ. 24ಕ್ಕೇ ಮಾಡುತ್ತೇನೆ. ನಮ್ಮ ಸೆಕೆಗೆ 24ನ್ನು ಕಾಯ್ದುಕೊಳ್ಳುವುದು ಸುಲಭ. ಮಾಮೂಲಿ ರೋಲಿನ ಏಳೂವರೆ ನಿಮಿಷ 24ರಲ್ಲಿ ಐದರ ಹತ್ತಿರ ಇಳಿಯುತ್ತದೆ. ಐದಕ್ಕಿಂತ ಕಮ್ಮಿಯಾದರೆ ಡೆವಲಪ್ ಒಂದೇ ಸಮ ಬರುವುದಿಲ್ಲ. ಪುಶ್ ರೋಲಿಗೆ ಆ ಭಯವಿಲ್ಲ, ಹತ್ತು ನಿಮಿಷ ಕೈಯಲ್ಲಿರುತ್ತದೆ. ನಮ್ಮ ಊರಿನ ಸೆಕೆ ಪುಶ್‌ಗೆ ಅಷ್ಟರ ಮಟ್ಟಿಗೆ ಅನುಕೂಲವೇ.

ಅಷ್ಟಾದರೂ ಮುಖ ಉರಿದು ಬರುತ್ತಿದ್ದರೆ ಟ್ಯಾಂಕ್ ಅಲ್ಲಾಡಿಸುವ ರೀತಿ ನೋಡಿ. ನಿಮಿಷಕ್ಕೆ ನಾಲ್ಕು ಸಲ, ಹತ್ತು ಸೆಕೆಂಡಿನಲ್ಲಿ, ನಿಧಾನಕ್ಕೆ ಮಗುಚಿದರೆ ಸಾಕು. ಬಿಡದೆ ಕುಲುಕಿದರೆ ಬೆಳಕಿನ ಜಾಗ ಇನ್ನೂ ಕಪ್ಪಾಗುತ್ತದೆ. ಆ ಬಳಿಕವೂ ಸರಿ ಹೋಗದಿದ್ದರೆ ಮುಂದಿನ ರೋಲಿಗೆ ಸಮಯ ಶೇಕಡಾ ಹತ್ತು ಇಳಿಸಿ.

ಕಪ್ಪಾದ ರೋಲನ್ನು ಬಿಸಾಡಬೇಡಿ. ಸ್ಕ್ಯಾನರಿಗೆ ಜಾಸ್ತಿ ಬೆಳಕು ಕೊಟ್ಟು ಎರಡು ಸಲ ಸ್ಕ್ಯಾನ್ ಮಾಡಿದರೆ ಬಹಳಷ್ಟು ಸಿಗುತ್ತದೆ. ಅಳಿಯನ ರೋಲಿನಲ್ಲಿ ಒಂದು ಫ್ರೇಮಿನ ಮುಖದಲ್ಲಿ ಅರದಾಳದ ಮೇಲೆ ಎಳೆದ ಸಣ್ಣ ಕಪ್ಪು ಗೆರೆಗಳು ಹಾಗೇ ಉಳಿದಿದ್ದವು.

ಗ್ರೇನ್ ಜಾಸ್ತಿಯಾಗಿದೆ

ಪುಶ್‌ನಲ್ಲಿ ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಕಾಳುಕಾಳು, ಇದ್ದೇ ಇರುತ್ತದೆ, ಅದು ದೋಷವಲ್ಲ. ತೆಳು ನೆಗೆಟಿವನ್ನು ಸ್ಕ್ಯಾನರಿನಲ್ಲಿ ಎಳೆದೆಳೆದು ಬೆಳ್ಳಗೆ ಮಾಡಿದಾಗ ಕಾಣುವುದರಲ್ಲಿ ಅರ್ಧ ಸ್ಕ್ಯಾನರಿನದು. ಆದರೆ ಮಸೂರದಲ್ಲಿ ನೋಡಿದಾಗ ಒಣಗಿದ ಗದ್ದೆಯ ಬಿರುಕಿನ ಹಾಗೆ ಬಲೆ ಕಂಡರೆ ಅದು ಗ್ರೇನ್ ಅಲ್ಲ. ಜೆಲಟಿನ್ ಪದರವೇ ಸುಕ್ಕಾಗಿದೆ. 20ರ ಡೆವಲಪರಿನಿಂದ ತೆಗೆದ ಫಿಲ್ಮನ್ನು ಮಧ್ಯಾಹ್ನದ ಬಿಸಿಲಿಗೆ ಕಾದ ಮೇಲಿನ ಟ್ಯಾಂಕಿ ನೀರಿನಲ್ಲಿ ತೊಳೆದರೆ ಹೀಗಾಗುತ್ತದೆ. ಸರಿಮಾಡಲು ಬರುವುದಿಲ್ಲ. ಡೆವಲಪ್ ನಿಲ್ಲಿಸುವ ಸ್ಟಾಪ್ ಬಾತ್, ಫಿಕ್ಸರ್, ತೊಳೆಯುವ ನೀರು ಎಲ್ಲವನ್ನೂ ಒಂದೇ ಬಕೆಟಿನಲ್ಲಿ ನಿಲ್ಲಿಸಿಟ್ಟರೆ ಈ ತೊಂದರೆ ಬರುವುದೇ ಇಲ್ಲ.

ಇಡೀ ಫಿಲ್ಮಿಗೆ ಬೂದಿ ಮೆತ್ತಿದ ಹಾಗಿದೆ

ಹಾಲು ಕಲಸಿದ ಹಾಗೆ, ಆಚೆ ಬದಿ ಕಾಣದ ಹಾಗೆ ಇದ್ದರೆ ಸಂತೋಷಪಡಿ. ಫಿಕ್ಸರ್ ಸಾಲಲಿಲ್ಲ, ಅಷ್ಟೇ. ಹೊಸ ಫಿಕ್ಸರಿಗೆ ಮತ್ತೆ ಹಾಕಿ, ಮತ್ತೆ ತೊಳೆಯಿರಿ. ಫಿಕ್ಸರ್ ಪರೀಕ್ಷೆಗೂ ನಾಲಿಗೆಯ ತುಂಡೇ ಸಾಕು. ಅದು ಸ್ವಚ್ಛವಾಗಲಿಕ್ಕೆ ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಹೊತ್ತು ಫಿಲ್ಮ್ ಫಿಕ್ಸರಿನಲ್ಲಿರಲಿ. ಹೊಸದಾಗಿದ್ದಾಗ ಹಿಡಿದ ಹೊತ್ತಿನ ಇಮ್ಮಡಿ ಹಿಡಿದರೆ ಆ ಫಿಕ್ಸರಿನ ಕೆಲಸ ಮುಗಿಯಿತು. ಹೈಪೋ ಹರಳನ್ನು ತಂದು ಬೆರೆಸುವವರು ಸಮಯ ಇನ್ನೂ ಜಾಸ್ತಿ ಕೊಡಿ, ಅದು ರ‍್ಯಾಪಿಡ್ ಫಿಕ್ಸರಿನಷ್ಟು ಚುರುಕಲ್ಲ.

ಹಾಲಿನಂತಲ್ಲ, ಪಾರದರ್ಶಕವಾಗಿಯೇ ಇದೆ, ಆದರೆ ಬೂದು. ಅಂಚೂ ಬೂದು, ಫ್ರೇಮುಗಳ ನಡುವಿನ ಜಾಗವೂ ಬೂದು. ಇದು ಫಾಗ್. ಹಳೆ ಫಿಲ್ಮ್ ಆಗಿರಬಹುದು, ಏಪ್ರಿಲಿನಲ್ಲಿ ಕಾರಿನೊಳಗೆ ಬಿಟ್ಟ ಫಿಲ್ಮ್ ಆಗಿರಬಹುದು. ಪುಶ್ ಮಾಡಿದಾಗ ಇಂಥ ಫಾಗ್ ಇನ್ನೂ ಎದ್ದು ಕಾಣುತ್ತದೆ. ಕೊಲ್ಲಿಯಿಂದ ಬರುವ ನೆಂಟರ ಹತ್ತಿರ ಫಿಲ್ಮ್ ತರಿಸುವುದು ನಮ್ಮಲ್ಲಿ ಉಂಟಲ್ಲ, ಅವರಿಗೆ ಮೊದಲೇ ಹೇಳಿ: ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಅಲ್ಲಿಯ ಎಕ್ಸ್-ರೇ ಫಿಲ್ಮನ್ನು ಕೆಡಿಸುತ್ತದೆ. ಕೈಚೀಲ ನೋಡುವ ಹೊಸ ಸಿಟಿ ಸ್ಕ್ಯಾನರುಗಳೂ ಅಪಾಯವೇ. ಕೈಯಲ್ಲೇ ಪರೀಕ್ಷಿಸಿ ಎಂದು ವಿನಯದಿಂದ ಕೇಳಿಕೊಳ್ಳಲಿ. ಅಲೆಅಲೆಯಾದ ಬೂದು ಪಟ್ಟಿ ಕಂಡರೆ ಮೊದಲು ಅದನ್ನೇ ಅನುಮಾನಿಸಿ.

ಬೂದು ಫ್ರೇಮಿನೊಳಗೆ ಮಾತ್ರ ಇದ್ದು ಅಂಚು ಸ್ವಚ್ಛವಾಗಿದ್ದರೆ ಬೆಳಕು ಲೆನ್ಸಿನ ದಾರಿಯಿಂದಲೇ ಬಂದದ್ದು, ದೀಪ ಎದುರಿಗಿದ್ದಿರಬೇಕು. ಕಪ್ಪು ಕಲೆ ಅಂಚಿನವರೆಗೂ ಹರಡಿದ್ದರೆ ಕ್ಯಾಮೆರಾದ ಹಿಂಬಾಗಿಲಿನ ಸ್ಪಂಜು ಅಥವಾ ಬೆಳಕು ತಾಗದೆ ಫಿಲ್ಮ್ ಸುತ್ತುವ ಚೇಂಜಿಂಗ್ ಬ್ಯಾಗಿನ ಜಿಪ್ ನೋಡಿ.

ಕಲೆ, ಪಟ್ಟಿ, ಅರ್ಧಚಂದ್ರ

ಉಗುರಿನ ಗಾತ್ರದ ಕಪ್ಪು ಅರ್ಧಚಂದ್ರ ಬಂದರೆ ರೀಲಿಗೆ ಹಾಕುವಾಗ ಫಿಲ್ಮ್ ಮಡಚಿದೆ. ಸೆಕೆಯಲ್ಲಿ ಬ್ಯಾಗಿನೊಳಗೆ ಕೈ ಹತ್ತೇ ನಿಮಿಷದಲ್ಲಿ ಬೆವರುತ್ತದೆ. ಪ್ಲಾಸ್ಟಿಕ್ ರೀಲ್ ಸ್ವಲ್ಪ ಒದ್ದೆಯಾದರೂ ಫಿಲ್ಮ್ ಹಿಡಿದುಕೊಳ್ಳುತ್ತದೆ, ನೀವು ಒತ್ತುತ್ತೀರಿ, ಮಡಚುತ್ತದೆ. ರೀಲನ್ನು ಬಿಸಿಲಿಗಿಟ್ಟು ಒಣಗಿಸಿ. ಬೆಳಗ್ಗೆ ಐದಕ್ಕೆ, ಹೊರಗೆ ತಣ್ಣಗಿರುವಾಗ ಹಾಕಿಕೊಳ್ಳಿ. ನಡುವೆ ಸಿಕ್ಕಿಹಾಕಿಕೊಂಡರೆ ಬಲ ಮಾಡಬೇಡಿ. ಫಿಲ್ಮನ್ನೂ ರೀಲನ್ನೂ ಟ್ಯಾಂಕಿಗೆ ಹಾಕಿ ಮುಚ್ಚಿ, ಕೈ ಹೊರತೆಗೆದು ಒರೆಸಿಕೊಂಡು ಮತ್ತೆ ಶುರುಮಾಡಿ.

ಸಣ್ಣ, ದುಂಡಗಿನ, ತೆಳು ಚುಕ್ಕೆಗಳು ಗಾಳಿಗುಳ್ಳೆಯವು. ಡೆವಲಪರ್ ಸುರಿದ ಕೂಡಲೇ ಟ್ಯಾಂಕನ್ನು ಕಟ್ಟೆಗೆ ಎರಡು ಸಲ ತಟ್ಟಿದರೆ ಹೋಗುತ್ತವೆ. ತೂತುಗಳ ಹತ್ತಿರದಿಂದ ಕಪ್ಪು ಗೆರೆ ಒಳಗೆ ಹರಿದಿದ್ದರೆ ಕುಲುಕಿದ್ದು ಜೋರಾಯಿತು.

ಒಣಗಿದ ಮೇಲೆ ಬಿಳಿ ಉಂಗುರ ಉಳಿದರೆ ನೀರಿನದ್ದು. ಕೊನೆಯ ಸಲ ಅದ್ದಲಿಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ನೀರು ಎಂದು ಬಿಡಿಸಿ ಕೇಳಿ, ಆಸಿಡ್ ಕ್ಯಾನೂ ಅಲ್ಲೇ ಇರುತ್ತದೆ. ಒಣಗಿಸಲಿಕ್ಕೆ ಬಚ್ಚಲು ಬೇಡ, ಹಂಡೆಯ ಬೂದಿ ಹಾರುತ್ತದೆ. ಅಡಿಕೆ ಸುಲಿಯುವ ಜಗಲಿಯೂ ಬೇಡ. ಮಳೆಗಾಲದಲ್ಲಿ ಒಣಗಲು ಇಡೀ ದಿನ ಬೇಕಾದೀತು. ಪೂರ್ತಿ ಒಣಗದೆ ಕವರಿಗೆ ಹಾಕಿದರೆ ಬೂಸರು ಖಂಡಿತ.

ಕೈಗೆ, ಬಾವಿಗೆ, ಮಕ್ಕಳಿಗೆ

ಡಿ-76ರಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ ಒಮ್ಮೆ ಶುರುವಾದರೆ ಮತ್ತೆ ಮತ್ತೆ ಬರುತ್ತದೆ. ಗ್ಲೌಸ್ ಹಾಕಿಯೇ ಮಾಡಿ. ಕೈಯಲ್ಲಿ ದದ್ದು ಎದ್ದರೆ ಕೆಲಸ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಪುಡಿ ಬೆರೆಸುವಾಗ ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ. ಫಿಕ್ಸರಿಗಾಗಲಿ ಸ್ಟಾಪ್ ಬಾತಿಗಾಗಲಿ ಬ್ಲೀಚಿಂಗ್ ಪೌಡರ್ ತಾಗಬಾರದು, ವಿಷದ ಗಾಳಿ ಬರುತ್ತದೆ. ಬಚ್ಚಲು ತೊಳೆಯುವ ದಿನ ಇದು ನೆನಪಿರಲಿ. ಅಡುಗೆಯ ಪಾತ್ರೆ, ಕುಡಿಯುವ ನೀರಿನ ಬಾಟಲಿ ಎರಡೂ ಬೇಡ. ಯಾರಾದರೂ ಗುಟುಕು ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಓಡಿ.

ಬಳಸಿದ ಫಿಕ್ಸರಿನಲ್ಲಿ ಫಿಲ್ಮಿನ ಬೆಳ್ಳಿ ಕರಗಿರುತ್ತದೆ. ನಮ್ಮ ಗುಡ್ಡದ ಮುರಕಲ್ಲು ತೂತುತೂತು. ಮೇಲೆ ಚೆಲ್ಲಿದ್ದು ಕೆಳಗಿನ ಸುರಂಗಕ್ಕೆ, ಬಾವಿಗೆ ಇಳಿಯುತ್ತದೆ, ಅದನ್ನೇ ಮನೆಮಂದಿ ಕುಡಿಯುವುದು. ತೋಟಕ್ಕೂ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿಟ್ಟು, ಬಳಸಿದ ಫಿಕ್ಸರ್ ತೆಗೆದುಕೊಳ್ಳುವ ಲ್ಯಾಬಿಗೆ ಕೊಡಿ.

ಎಲ್ಲಿಗೆ ನಿಲ್ಲಿಸಬೇಕು

ಉಷ್ಣತೆ ಅಳೆದಾಗಿದೆ, ಹೊಸ ಡೆವಲಪರ್ ಹಾಕಿಯಾಗಿದೆ, ಅಂಚಿನ ಅಕ್ಷರ ಮಾಮೂಲಿಯಂತಿದೆ, ಆದರೂ ಎರಡು ರೋಲ್ ಬೆನ್ನುಬೆನ್ನಿಗೆ ತೆಳುವಾಗಿ ಬಂತು ಅಂದರೆ ಟ್ಯಾಂಕ್ ಬದಿಗಿಡಿ. ಕ್ಯಾಮೆರಾದ ಮೀಟರನ್ನೂ ಶಟರನ್ನೂ ರಿಪೇರಿಯವರಿಗೆ ತೋರಿಸಿ. ತೆಳು ನೆಗೆಟಿವನ್ನು ದಪ್ಪ ಮಾಡುವ, ಕಪ್ಪನ್ನು ಇಳಿಸುವ ಕೆಮಿಕಲ್ ಸಿಗುತ್ತವೆ. ಅವು ಹೆಚ್ಚು ಅಪಾಯದವು, ಕಲಿಯುತ್ತಿರುವವರು ಮನೆಯಲ್ಲಿ ಮಾಡುವುದು ಬೇಡ.

ಮತ್ತೆ ಸಿಗದ ರೋಲ್ ಇರುತ್ತದಲ್ಲ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೋಲದ್ದೋ, ಅಜ್ಜಿ ಇದ್ದಾಗಿನದ್ದೋ, ಅದನ್ನು ಪರೀಕ್ಷೆಗೆ ಒಡ್ಡಬೇಡಿ. ಅದೇ ಥರದ ಇನ್ನೊಂದು ರೋಲಿನಲ್ಲಿ ಐದಾರು ಫ್ರೇಮ್ ಅಂಥದೇ ಬೆಳಕಿನಲ್ಲಿ ತೆಗೆದು, ಅಷ್ಟನ್ನೇ ಕತ್ತಲೆಯಲ್ಲಿ ಕತ್ತರಿಸಿ, ಮೊದಲು ಅದನ್ನು ಡೆವಲಪ್ ಮಾಡಿ ಅಂಚು ನೋಡಿ. ಅಳಿಯನಿಗೂ ಹಾಗೇ ಹೇಳಿದೆ. ಮುಂದಿನ ರೋಲನ್ನು ಅವನು ಬೆಳಗ್ಗೆ ಐದಕ್ಕೆ, ಬಾವಿಕಟ್ಟೆಯ ಮೇಲೆ ಬಕೆಟ್ ಇಟ್ಟುಕೊಂಡು ಮಾಡಿದ. ಸುರಿಯುವಾಗ 24, ತೆಗೆಯುವಾಗ 24.5. ಹತ್ತು ನಿಮಿಷ.